ಅಣಬೆಯ ಮೈ ನೀಲಿಗಟ್ಟಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ, ಕೂಸೇ. ಯಾವ ಕಡೆ ಮುಖ ಮಾಡಿ ಕೂರಬೇಕೆಂದು ಬೆಟ್ಟಗಳಿಗೇ ತಿಳಿದಿರಲಿಲ್ಲ.

ಆಗಲೂ ಎಲ್ಲರ ತಲೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿದ್ದವು. ಬಾಗಿಲಿಗೊಬ್ಬ ಕಾವಲುಗಾರ, ಒಳಗೊಂದು ಪುಟ್ಟ ಪೀಠ. ಹಿತ ಅನ್ನುವ ಹುಡುಗಿ ಬಂದು ಅದರಲ್ಲಿ ಕೂರುವಳು. "ಹಸಿವಾಯ್ತು", "ಕೂಸು ಅಳ್ತಿದೆ" ಅಂತ ಮನೆಯ ಸುದ್ದಿ ಹೇಳುವಳು. ಹೊರಡುವಾಗ "ಬರ್ತೀನಣ್ಣಾ" ಅಂದರೆ ಬಾಗಿಲು ತೆರೆಯುವುದು. ಬರುವಳು, ಕೂರುವಳು, ಹೇಳುವಳು, ಹೊರಡುವಳು.

ಮಳೆ ನಿಂತ ಒಂದು ಬೆಳಗ್ಗೆ, ಎಮ್ಮೆ ಕಾಯುವ ದುಂಡವ್ವ ಸಗಣಿ ಮೇಲೆ ಎದ್ದಿದ್ದ ಅಣಬೆ ಕಿತ್ತು ತಿಂದಳು. "ಥೂ, ಬರೀ ಮಣ್ಣು!"

ಅಣಬೆಯೊಳಗೆ ಮಣ್ಣಿನ ಮಗಳಿದ್ದಳು. ಮುಖ ಥೇಟು ಹಿತಳದೇ. ನೆತ್ತರಿನ ಹೊಳೆ ಹಿಡಿದು ದುಂಡವ್ವನ ತಲೆಯ ಬಾಗಿಲಿಗೆ ಬಂದಳು.

ಕಾವಲುಗಾರ ಬಾಗಿಲಿಗೆ ನೀಲಿ ಬಳಿಯುತ್ತಿದ್ದ. "ಏನೇ ತಂಗಿ, ಆಗಲೇ ಇನ್ನೊಂದ್ಸಲ?" ಅಂದ. ಅವಳು ಕೂತಳು. ಪೀಠ ಅವಳಿಗೆ ಸರಿಯಾಗಿ ಹೊಂದಿತು. ಬಾಗಿಲು ಮುಚ್ಚಿತು.

ಮನೆಯ ಸುದ್ದಿ ಅವಳಿಗೆಲ್ಲಿ ಗೊತ್ತು? ಮಣ್ಣಿನ ಸುದ್ದಿ ಹೇಳಿದಳು.

ದುಂಡವ್ವ ನೋಡುತ್ತಾಳೆ, ಬೆಟ್ಟ ಉಸಿರಾಡುತ್ತಿದೆ! ಹೊಳೆಯ ಸದ್ದಿಗೆ ಬಣ್ಣ ಬಂದಿದೆ! ಎಮ್ಮೆಯ ಕಣ್ಣೊಳಗೆ ನಕ್ಷತ್ರಗಳು ಹುಟ್ಟುತ್ತಿವೆ! ಕಲ್ಲಿಗೂ ಕೈಮುಗಿದಳು, ಕಡ್ಡಿಗೂ ಕೈಮುಗಿದಳು. ಕಂಬಳಿ ಮೇಲೆ ಅವಳ ಹಸುಗೂಸು ಹಾಲಿಗೆ ಅಳುತ್ತಿತ್ತು.

"ಎಂಥ ಚೆಂದದ ಹಕ್ಕಿ!" ಅಂದಳು.

"ನಿನ್ನ ಕೂಸು ಕಣೇ!" ಅಂತು ಗಾಳಿ. ಅವಳು ಗಾಳಿಗೂ ಕೈಮುಗಿದಳು.

ಅಳು ಕೇಳಿ ಒಳಗಿದ್ದವಳಿಗೆ ಗಾಬರಿಯಾಯಿತು. "ಅಣ್ಣಾ, ನಾನು ಹೋಗ್ತೀನಿ."

ಕಾವಲುಗಾರ ಕಿವಿ ಮುಚ್ಚಿಕೊಂಡ. "ಬಿಡ್ತು ಅನ್ನು! ಹೊಸ್ತಿಲಲ್ಲಿ ನಿಂತು ಯಾರಾದ್ರೂ ಹೋಗ್ತೀನಿ ಅಂತಾರಾ? ನೀನು ನಮ್ಮ ಹಿತ ಅಲ್ಲ. ಹಾಗಂದ್ರೆ ಈ ಬಾಗಿಲೂ ತೆರೆಯೋಲ್ಲ!"

"ಹೊರಟೆ" ಅಂದಳು. ತೆರೆಯಲಿಲ್ಲ. "ಸಾಕಾಯ್ತು" ಅಂದಳು. ತೆರೆಯಲಿಲ್ಲ. ಹೊತ್ತು ನೆತ್ತಿಗೆ ಬಂತು, ಪಡುವಣಕ್ಕೆ ವಾಲಿತು. ಕೂಸಿನ ದನಿ ಸಣ್ಣದಾಯಿತು.

ಹೊರಗೆ ನಿಂತಿದ್ದ ಹಿತ ಬಾಗಿಲ ಸಂದಿಗೆ ಬಾಯಿಟ್ಟಳು. "ಬರ್ತೀನಿ ಅನ್ನೇ!"

"ಹೋಗೋಳು ಬರ್ತೀನಿ ಅನ್ನೋದಾ?"

"ಅನ್ನೇ ತಾಯಿ, ಕೂಸು ಸೊರಗ್ತಿದೆ!"

"ಬರ್ತೀನಣ್ಣಾ."

ಬಾಗಿಲು ತೆರೆಯಿತು. ಹಿತ ಒಳಗೆ ನುಗ್ಗಿದಳು. "ಅಯ್ಯೋ ನನ್ನ ಕಂದಾ!" ದುಂಡವ್ವ ಕೂಸನ್ನು ಬಾಚಿ ಎದೆಗೊತ್ತಿಕೊಂಡಳು. ಬೆಟ್ಟ ಉಸಿರು ಬಿಗಿಹಿಡಿದು ನೋಡಿತು. ಅಂದಿನಿಂದ ಹಾಗೇ ಕೂತಿದೆ.

ಹೊರಟ ಮಣ್ಣಿನ ಮಗಳನ್ನು ಕಾವಲುಗಾರ ತಡೆದ. "ಬರ್ತೀನಿ ಅಂದಿದೀಯ, ಬಂದೇ ಬರ್ತೀಯ. ಗುರುತು ಬೇಕು." ನೀಲಿ ಹತ್ತಿದ ಹೆಬ್ಬೆರಳನ್ನು ಅವಳ ಮೈಗೆ ಒತ್ತಿದ. ಅವಳು ಆ ಗುರುತು ಹೊತ್ತೇ ಮತ್ತೆ ಅಣಬೆಯೊಳಗೆ ಸೇರಿಕೊಂಡಳು.

ಅದಕ್ಕೇ ಕೂಸೇ, ಸಗಣಿ ಮೇಲಿನ ಆ ಅಣಬೆಗೆ ಎಮ್ಮೆಯ ಗೊರಸು ತಾಗಿದರೂ ಸಾಕು, ತಾಗಿದ ಕಡೆ ಇವತ್ತಿಗೂ ನೀಲಿ ಮೂಡುತ್ತದೆ: ಇವಳು ನಮ್ಮ ಮನೆಯವಳಲ್ಲ ಅಂತ.