ಜಲಪಾದನನ್ನು ತೆಗೆದ ದಿನ

ನೀರುನಾಯಿಗಳ ಚೆಂಡಾಟದ ತಂಡ ಸಾಲಾಗಿ ನಾಲ್ಕು ಪಂದ್ಯ ಸೋತಿತು. ದಡದ ಮರದಲ್ಲಿ ಕೂತು ಆಟ ನೋಡುತ್ತಿದ್ದ ಕೋತಿಗಳು, "ತರಬೇತುದಾರನನ್ನು ತೆಗೆದುಹಾಕಿ!" ಎಂದು ದಿನವೂ ಕೂಗಿದವು. ತಂಡದ ಯಜಮಾನನಾದ ಆಮೆ ಬೇಸತ್ತು, ಹನ್ನೆರಡು ವರ್ಷ ಕಲಿಸಿದ್ದ ಮುದಿ ನೀರುನಾಯಿ ಜಲಪಾದನನ್ನು ಕರೆದು, "ನಾಳೆಯಿಂದ ನೀವು ಬರುವುದು ಬೇಡ" ಎಂದಿತು.

ಕೋತಿಗಳು ಕುಣಿದಾಡಿದವು. ಜಲಪಾದ ತಲೆ ತಗ್ಗಿಸಿ ಆ ಮರದ ಕೆಳಗೇ ಹಾದುಹೋದ. ಆಟಗಾರ ಮರಿಗಳು ಅಳುತ್ತ ಅವನ ಹಿಂದೆ ನಡೆದವು.

ಆಮೆ ಮರದ ಬುಡಕ್ಕೆ ಬಂದು, "ಹೇಗೆ ಆಡಬೇಕೆಂದು ನಿಮಗೆ ಚೆನ್ನಾಗಿ ಗೊತ್ತು. ನಿಮ್ಮಲ್ಲೊಬ್ಬರು ಇಳಿದು ಬಂದು ಕಲಿಸಿ" ಎಂದಿತು.

ಕುಣಿತ ನಿಂತಿತು. ಕೋತಿಗಳು ಒಂದೊಂದಾಗಿ ಮೇಲಿನ ಕೊಂಬೆಗೆ ಹತ್ತಿದವು.

"ಕಲಿಸುವುದಕ್ಕೆ ಜಲಪಾದರೇ ಸರಿ," ಎಂದಿತು ಹಿರಿಯ ಕೋತಿ. "ಅಂಥ ಗುರುವನ್ನು ಯಾರಾದರೂ ತೆಗೆಯುತ್ತಾರೆಯೇ?"