ಓಲೆಗರಿಯ ವೈದ್ಯ ಮತ್ತು ಒಂಬತ್ತು ಪೆನ್ ಡ್ರೈವ್

“ಸರ, ಪೆನ್ ಡ್ರೈವಿನಿಂದ ಓಡೋ ಆಪರೇಟಿಂಗ್ ಸಿಸ್ಟಮ್ ಯಾಕ ಹಿಂಗ ತೆವಳತೈತ್ರಿ? ಅದನ್ನ ಓಡಸೋದು ಹೆಂಗ?”

ಕೇಳಿದವಳು ಹುಲಿಗೆಮ್ಮ. ಊರಿನ ವಾಚನಾಲಯದ ಹಿಂದಿನ ಕೋಣೆಯಲ್ಲಿ ಹೆಂಗಸರಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಕೇಳಿಸಿಕೊಂಡವರು ತಮ್ಮ ಮನೆಯಲ್ಲಿ ಕೂತಿದ್ದ ಅಂಬಣ್ಣ ಮೇಷ್ಟ್ರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಅವರಿಗೆ ಗಡ್ಡವಿಲ್ಲ, ಆಶ್ರಮವಿಲ್ಲ, ಆಶೀರ್ವದಿಸುವ ಅಭ್ಯಾಸವೂ ಇಲ್ಲ. ಆದರೂ ಹುಲಿಗೆಮ್ಮ ಅವರ ಶಿಷ್ಯೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಬೇರೆ ಮೇಷ್ಟ್ರು ಅವಳಿಗೆ ಸಿಕ್ಕಿರಲಿಲ್ಲ.

ಆ ಕೋಣೆಯಲ್ಲಿ ಒಂಬತ್ತು ಹಳೆಯ ಕಂಪ್ಯೂಟರುಗಳಿವೆ. ಯಾವುದೋ ಕಚೇರಿ ದಾನ ಕೊಟ್ಟದ್ದು. ಕೊಡುವ ಮುನ್ನ ಒಳಗಿನ ಡಿಸ್ಕುಗಳನ್ನು ಕಿತ್ತಿಟ್ಟುಕೊಂಡಿತ್ತು. ದಾನದ ಫೋಟೋದಲ್ಲಿ ಅದು ಕಾಣುವುದಿಲ್ಲ. ಹುಲಿಗೆಮ್ಮ ಒಂಬತ್ತು ಪೆನ್ ಡ್ರೈವುಗಳಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ತುಂಬಿದಳು. ಡ್ರೈವ್ ಚುಚ್ಚಿದರೆ ಕಂಪ್ಯೂಟರ್ ಏಳುತ್ತದೆ. ಎದ್ದ ಮೇಲೆ ನಡೆಯುವುದಿಲ್ಲ. ಒಂದು ಪುಟ ತೆರೆಯಲು ಮೂರು ನಿಮಿಷ. ಮನೆಗೆಲಸದ ನಡುವೆ ಹೆಂಗಸರಿಗೆ ಸಿಗುವುದೇ ಒಂದು ಗಂಟೆ.

ಮೊದಲ ವಾರ ಒಂಬತ್ತು ಜನ ಬಂದರು. ಈ ವಾರ ಐವರು. ನಿನ್ನೆ ಆ ಐವರಲ್ಲಿ ಒಬ್ಬಳು, ಬಳೆ ಮಾರುವ ಹುಸೇನಬಿ, ಅರ್ಧಕ್ಕೇ ಎದ್ದು ಹೋದಳು. ಐವರಾದರೂ ಇಲ್ಲದಿದ್ದರೆ ಕೋಣೆಯನ್ನು ಕೇರಂ ಬೋರ್ಡಿಗೆ ಬಿಟ್ಟುಕೊಡುವುದಾಗಿ ವಾಚನಾಲಯದ ಸಮಿತಿ ಹೇಳಿದೆ. ಸಮಿತಿ ಸೇರುವುದು ಸೋಮವಾರ.

“ಎಲ್ಲಾ ಗುಜರಿಗೆ ಹಾಕಿ ಕೈ ತೊಳಕೊಂಡ್ ಬಿಡ್ಲೇನ್ರಿ?” ಎಂದಳು ಹುಲಿಗೆಮ್ಮ.

“ಕೈ ಆಮ್ಯಾಲೆ ತೊಳಕೊ. ಮೊದಲು ಕುಂದ್ರು,” ಎಂದರು ಮೇಷ್ಟ್ರು. ಆಮೇಲೆ ಒಂದು ಕತೆ ಹೇಳಿದರು. ಅದರಲ್ಲಿ ಕಂಪ್ಯೂಟರ್ ಇರಲಿಲ್ಲ.

ಒಬ್ಬ ವೈದ್ಯನಿದ್ದ. ಅವನಿಗೆ ಮನೆಯಿರಲಿಲ್ಲ. ಅವನ ವಿದ್ಯೆಯೆಲ್ಲ ಒಂದು ಓಲೆಗರಿಯ ಕಟ್ಟಿನಲ್ಲಿತ್ತು. ಕಟ್ಟನ್ನು ಬಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಯಾರು ಪಡಸಾಲೆ ಬಿಟ್ಟುಕೊಟ್ಟರೆ ಅಲ್ಲಿ ಕೂರುತ್ತಿದ್ದ. ಕಟ್ಟು ಬಂದರೆ ಅದು ವೈದ್ಯಶಾಲೆ. ಕಟ್ಟು ಹೊರಟರೆ ಮತ್ತೆ ಬರಿಯ ಪಡಸಾಲೆ.

ವೈದ್ಯನಿಗೆ ಅವನ ಗುರು ಒಂದು ನಿಯಮ ಕಲಿಸಿದ್ದ. ಒಂದು ಓಲೆಯನ್ನು ನೋಡಿದಾಗಲೆಲ್ಲ ನೋಡಿದ ಹೊತ್ತನ್ನು ಅದರ ಅಂಚಿನಲ್ಲಿ ಬರೆಯಬೇಕು. ಬರೆದ ಮೇಲೆ ಕಟ್ಟಿಗೆ ಮತ್ತೆ ದಾರ ಸುತ್ತಬೇಕು. ಆ ಗುರುವಿಗೆ ಇದನ್ನು ಅವನ ಗುರು ಕಲಿಸಿದ್ದ. ಕಾರಣವನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ.

ಓಲೆಯನ್ನು ಓದುವುದು ಸುಲಭ. ಬರೆಯುವುದು ನಿಧಾನದ ಕೆಲಸ. ಕಂಟವೆಂಬ ಕಬ್ಬಿಣದ ಮೊನೆಕಡ್ಡಿಯಿಂದ ಅಕ್ಷರ ಕೊರೆಯಬೇಕು, ಮಸಿ ತಿಕ್ಕಬೇಕು, ಒರೆಸಬೇಕು. ಅವಸರ ಮಾಡಿದರೆ ಓಲೆ ಸೀಳುತ್ತದೆ. ಅವನ ಓಲೆಗಳ ಅಂಚುಗಳು ಆಗಲೇ ಸವೆದು ಜಾಳಾಗಿದ್ದವು.

ವೈದ್ಯ ಒಂದು ಊರಿಗೆ ಬಂದ. ಒಬ್ಬ ಕುಂಬಾರಗಿತ್ತಿ ಪಡಸಾಲೆ ಬಿಟ್ಟುಕೊಟ್ಟಳು. ಜನ ಸಾಲುಗಟ್ಟಿದರು. ಮೊದಲು ಬಂದವನು ಚೇಳು ಕಡಿಸಿಕೊಂಡವನು. ವೈದ್ಯ ದಾರ ಬಿಚ್ಚಿದ. ಯಾವ ರೋಗ ಯಾವ ಓಲೆಯಲ್ಲಿದೆ ಎಂದು ಹೇಳುವ ಓಲೆ ನೋಡಿದ, ಹೊತ್ತು ಬರೆದ, ದಾರ ಸುತ್ತಿದ. ಮತ್ತೆ ಬಿಚ್ಚಿದ. ವಿಷದ ಓಲೆ ನೋಡಿದ, ಹೊತ್ತು ಬರೆದ, ದಾರ ಸುತ್ತಿದ. ಅಷ್ಟರಲ್ಲಿ ಬೇರಿನ ಹೆಸರು ಮರೆತುಹೋಗಿತ್ತು. ಮತ್ತೆ ಬಿಚ್ಚಿದ. ಮದ್ದು ತಯಾರಾಗುವ ವೇಳೆಗೆ ನೋವು ತಾನಾಗಿ ಇಳಿದಿತ್ತು. ಆ ರೋಗಿ ಮದ್ದನ್ನು ಮುಂದಿನ ಚೇಳಿಗೆಂದು ಕಟ್ಟಿಸಿಕೊಂಡು ಹೋದ.

ಸಾಲಿನಲ್ಲಿ ಒಬ್ಬ ತಾಯಿ ಇದ್ದಳು. ಮಡಿಲಲ್ಲಿ ಜ್ವರದ ಕೂಸು. ಕೂಸಿನ ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತಿತ್ತು. ವೈದ್ಯ ಅವಳ ಮುಂದಿದ್ದ ಹಲ್ಲುನೋವಿನವನ ಓಲೆಯಲ್ಲಿ ಹೊತ್ತು ಕೊರೆಯುತ್ತಿದ್ದ. ತಾಯಿ ಕಾದಳು. ಕಾಯಲಾರದೆ ಕೂಸನ್ನು ಎತ್ತಿಕೊಂಡು ಎದ್ದಳು. ಇನ್ನೊಬ್ಬ ವೈದ್ಯನಿದ್ದ ಊರು ಮೂರು ಹರದಾರಿ ದೂರವಿತ್ತು.

ಕುಂಬಾರಗಿತ್ತಿ ಬಂದು ವೈದ್ಯನ ಮುಂಗೈ ಹಿಡಿದಳು.

“ಅಜ್ಜಾ, ಏನ್ ಬರಿಯಾಕತ್ತೀ?”

“ಈ ಓಲೆ ನೋಡಿದ ಹೊತ್ತು.”

“ಅದನ್ನ ಯಾರು ಓದ್ತಾರ?”

ವೈದ್ಯ ಯೋಚಿಸಿದ. “ಇಲ್ಲಿತನಕ ಯಾರೂ ಓದಿಲ್ಲವ್ವ.”

“ಯಾರೂ ಓದದ್ದನ್ನ ನೀ ಬರದು ಮುಗಸೋತನಕ ಆ ಕೂಸು ಉಸಿರು ಹಿಡಕೊಂಡು ಕುಂದ್ರಬೇಕೇನು?”

ಅವಳು ತಾಯಿಯನ್ನು ತಡೆದು ಕೂರಿಸಿದಳು. ದಾರವನ್ನು ಕಿತ್ತುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿದಳು. ವೈದ್ಯ ಜ್ವರದ ಓಲೆ ತೆಗೆದ. ಓದಿದ. ಬರೆಯಲಿಲ್ಲ. ಮದ್ದು ಅರೆದ. ಸಂಜೆಗೆ ಕೂಸು ಹಾಲು ಕುಡಿಯಿತು. ಅದು ಮದ್ದಿನ ಗುಣವೋ ಕೂಸಿನ ಗಟ್ಟಿತನವೋ ಹೇಳುವಂತಿಲ್ಲ. ಈ ಸಲ ಮದ್ದು ಜ್ವರ ಇಳಿಯುವ ಮೊದಲೇ ಬಂದಿತ್ತು. ಅಷ್ಟನ್ನು ಹೇಳಬಹುದು.

ಮರುದಿನ ಬೆಳಿಗ್ಗೆ ಕುಂಬಾರಗಿತ್ತಿ ಓಲೆಗಳನ್ನೆಲ್ಲ ಪಡಸಾಲೆಯ ಉದ್ದಕ್ಕೂ ಹರಡಿಸಿದಳು. ಹರಡಲು ಒಂದು ಗಳಿಗೆ ಹಿಡಿಯಿತು. ವೈದ್ಯ ಗೊಣಗಿದ. ಆಮೇಲೆ ಇಡೀ ದಿನ ಅವನು ಏನನ್ನೂ ಬಿಚ್ಚಬೇಕಾಗಲಿಲ್ಲ, ಸುತ್ತಬೇಕಾಗಲಿಲ್ಲ. ಕಣ್ಣು ಹಾಯಿಸಿದರೆ ಓಲೆ ಎದುರಿಗೇ ಇತ್ತು. ಯಾರಿಗೆ ಯಾವ ಬೇರು, ಎಷ್ಟು ಅಳತೆ ಎಂಬುದನ್ನು ಇದ್ದಲಿನಿಂದ ನೆಲದ ಮೇಲೆ ಗೀಚಿದ. ಕೆಲಸ ಮುಗಿದರೆ ಅಂಗೈಯಿಂದ ಒರೆಸಿದ.

ಮೂರನೆಯ ದಿನ ಒಂದು ಕೋಳಿ ಪಡಸಾಲೆಗೆ ನುಗ್ಗಿತು. ನೆಲದ ಬರಹವನ್ನೆಲ್ಲ ಕೆದರಿತು. ಒಬ್ಬ ಮುದುಕನ ಮದ್ದಿನ ಅಳತೆ ಅಳಿಸಿಹೋಯಿತು. ವೈದ್ಯ ತಲೆಯ ಮೇಲೆ ಕೈ ಹೊತ್ತ. ಕುಂಬಾರಗಿತ್ತಿ ಮುದುಕನನ್ನು ಮತ್ತೆ ಕರೆಸಿದಳು. ಅವನು ಇಬ್ಬರನ್ನೂ ಬೈಯುತ್ತ ಬಂದು ನಾಡಿ ತೋರಿಸಿದ. ಅಂದಿನಿಂದ ವೈದ್ಯ ಸಂಜೆಗೊಮ್ಮೆ ಕಂಟ ಹಿಡಿದ. ನಾಳೆಗೂ ಬೇಕಾದದ್ದನ್ನು ಮಾತ್ರ ಓಲೆಗೆ ಏರಿಸಿದ. ಹೆಚ್ಚಿನ ದಿನಗಳಲ್ಲಿ ಅದು ಎರಡು ಸಾಲು. ಕೆಲವು ದಿನ ಅದೂ ಇಲ್ಲ.

ಓಲೆಗಳು ವೈದ್ಯನಿಗಿಂತ ಹೆಚ್ಚು ಕಾಲ ಬಾಳಿದವು.

ಮೇಷ್ಟ್ರು ಕತೆ ನಿಲ್ಲಿಸಿದರು. ಹುಲಿಗೆಮ್ಮ ಬೆರಳು ಮಡಚತೊಡಗಿದಳು.

“ಓಲಿ ಅಂದ್ರ ಪೆನ್ ಡ್ರೈವ್. ಪಡಸಾಲಿ ಅಂದ್ರ ಕಂಪ್ಯೂಟರಿನ ಮೆಮೊರಿ. ನಾಲ್ಕು ಜಿಬಿ ಐತ್ರಿ ಸರ, ಅದರಾಗ ಮುಕ್ಕಾಲು ಸುಮ್ನ ಬಿದ್ದೈತಿ. ಶುರುವಾಗುವಾಗ್ಲೇ ಇಡೀ ಸಿಸ್ಟಮ್ ಮೆಮೊರಿಗೆ ಎಳಕೊಂಡ್ರ? ಏಳಾಕ ಸ್ವಲ್ಪ ತಡ ಆಗತೈತಿ, ಆಮ್ಯಾಲೆ ಡ್ರೈವ್ ಕಡಿ ಹೊಳ್ಳಿ ನೋಡೋದ ಬ್ಯಾಡ. ಬ್ರೌಸರಿನ ತಾತ್ಕಾಲಿಕ ಫೈಲು, ಸಿಸ್ಟಮ್ ಬರಕೊಳ್ಳೋ ಲಾಗು, ಎಲ್ಲಾ ನೆಲದ ಮ್ಯಾಲೆ, ಅಂದ್ರ ಮೆಮೊರಿಯಾಗ. ಫೈಲ್ ನೋಡಿದಾಗೆಲ್ಲ ಸಿಸ್ಟಮ್ ಆ ಹೊತ್ತು ಡ್ರೈವಿಗೆ ಬರಕೋತೈತಿ, ಅದು ಬಂದ್. ಹೆಂಗಸ್ರು ತಾವು ಬರದದ್ದನ್ನ ಅಷ್ಟ ಡ್ರೈವಿಗೆ ಉಳಸೋದು.”

“ಕರೆಂಟ್ ಹೋದ್ರ?”

“ಕೋಳಿ ಬಂತು ಅಂತ ತಿಳಕೊಳ್ಳೋದ್ರಿ. ಹತ್ತು ನಿಮಿಷಕ್ಕೊಮ್ಮೆ ಉಳಸ್ರಿ ಅಂತ ಹೇಳ್ತೀನಿ.”

“ಸೀದಾ ಹೇಳಿದ್ರೂ ನಿನಗ ತಿಳೀತಿತ್ತು,” ಎಂದರು ಮೇಷ್ಟ್ರು. “ಕತಿ ಸುಮ್ನ ದಂಡ.”

ಅವರ ಮನೆಯಲ್ಲೂ ಒಂದು ಹಳೆಯ ಕಂಪ್ಯೂಟರ್ ಇತ್ತು. ಹುಲಿಗೆಮ್ಮ ಒಂದು ಡ್ರೈವ್ ಚುಚ್ಚಿ ಅಲ್ಲೇ ಕೂತಳು. ಅರ್ಧ ಗಂಟೆ ಹಿಡಿಯಿತು. ಒಂದು ಸಲ ಅದು ಏಳಲೇ ಇಲ್ಲ. ಮತ್ತೊಂದು ಸಲ ಎದ್ದು ಕಪ್ಪು ಪರದೆ ತೋರಿಸಿತು. ಮೂರನೆಯ ಸಲ ನಾಲ್ಕು ನಿಮಿಷ ತಡಮಾಡಿ ಎದ್ದಿತು. ಅವಳು ಒಂದು ಪುಟ ಒತ್ತಿದಳು. ಪುಟ ತಕ್ಷಣ ತೆರೆಯಿತು. ನಂಬದೆ ಇನ್ನೊಂದು ಒತ್ತಿದಳು. ಅದೂ ತೆರೆಯಿತು. ಓದುವಾಗ ಬರೆಯುವಾಗ ಮಿಣುಕುವ ಡ್ರೈವಿನ ತುದಿಯ ದೀಪ ಆರಿ ಸುಮ್ಮನಿತ್ತು.

“ಸರ, ಓಡಾಕತ್ತೈತ್ರಿ!” ಹುಲಿಗೆಮ್ಮ ಜೋರಾಗಿ ನಕ್ಕಳು. “ಉಳಿದ ಎಂಟೂ ನಾಳಿಗೆ ಮುಗಸ್ತೀನಿ. ನಾಲ್ಕು ಮಂದಿ ಅಂತೂ ಬಂದ ಬರ್ತಾರ. ಐದನೇದಾಕಿಗೆ ಎಲ್ಲಿ ಹೋಗ್ಲಿ?”

“ಹುಸೇನಬಿ ಯಾಕ ಎದ್ದು ಹೋದ್ಲು?”

ಹುಲಿಗೆಮ್ಮ ಹೇಳಿದಳು. “ಆಕಿ ಡ್ರೈವಿನ ದೀಪ ನೋಡಿಕೋತ ಕುಂತಿದ್ಲ್ರಿ. ‘ಅಕ್ಕಾ, ನಾ ಏನೂ ಮುಟ್ಟಿಲ್ಲ, ಇದು ಯಾಕ ಮಿಣಮಿಣ ಅನ್ನಾಕತ್ತೈತಿ? ನಾ ಸುಮ್ನ ಕುಂತಿದ್ದನ್ನೂ ಬರಕೊಳ್ಳಾಕತ್ತೈತೇನು?’ ಅಂದ್ಲು. ‘ಅದೆಲ್ಲ ನಿನಗ ತಿಳಿಯೂದಿಲ್ಲ, ಸುಮ್ನ ಕಾಯಿ’ ಅಂದೆ ನಾ. ಎದ್ದು ಹೋದ್ಲು.”

ಮೇಷ್ಟ್ರು ಕನ್ನಡಕ ತೆಗೆದರು.

“ಹಂಗಾದ್ರ ಕುಂಬಾರಗಿತ್ತಿ ಕೇಳಿದ್ದನ್ನ ಹುಸೇನಬಿ ನಿನ್ನೆನ ಕೇಳ್ಯಾಳ. ಗುರುವನ್ನ ಹುಡುಕ್ಕೊಂಡು ನೀ ತಪ್ಪು ಮನಿಗೆ ಬಂದೀಯವ್ವ.”

ಹುಲಿಗೆಮ್ಮ ಚಪ್ಪಲಿ ಮೆಟ್ಟಿಕೊಂಡು ಹುಸೇನಬಿಯ ಮನೆಯ ದಾರಿ ಹಿಡಿದಳು.