ಬಾಣಲೆ ದಿಣ್ಣೆ

ಟಿಬೆಟ್ಟಿನ ಪೂರ್ವದ ಒಂದು ಕಣಿವೆಯಲ್ಲಿ, ಉಪ್ಪಿನ ದಾರಿ ಬೆಟ್ಟ ಹತ್ತುವ ಕಡೆ, ಮರವಿಲ್ಲದ ಒಂದು ದಿಣ್ಣೆಯಿದೆ. ಅದರ ಹೆಸರನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಬಾಣಲೆ ದಿಣ್ಣೆ. ಬೋರಲು ಹಾಕಿದ ಬಾಣಲೆಯ ಹಾಗಿದೆ, ಅದಕ್ಕೇ ಆ ಹೆಸರು ಎಂದು ಹೊಸಬರು ಥಟ್ಟನೆ ತೀರ್ಮಾನಿಸಿಬಿಡುತ್ತಾರೆ. ಊರ ಹಿರಿಯರು ಅದಕ್ಕೆ ನಗುತ್ತಾರೆ. ಕೂತು ಕೇಳುವವರಿಗೆ ಮಾತ್ರ ಗೊಂಪೊ ಎಂಬ ಕಮ್ಮಾರನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಆ ಕಣಿವೆಯಲ್ಲಿ ಗೊಂಪೊನಷ್ಟು ಕೈ ಪಳಗಿದವನು ಇನ್ನೊಬ್ಬನಿರಲಿಲ್ಲವಂತೆ. ಅಲ್ಲಿಯ ಕತ್ತಿಗೆ ಎರಡು ಬಗೆಯ ಕಬ್ಬಿಣ ಬೇಕು. ಬಿರುಸಾದದ್ದು ಗಂಡು, ಮೆದುವಾದದ್ದು ಹೆಣ್ಣು. ಎರಡನ್ನೂ ಪದರಪದರವಾಗಿ ಕೂಡಿಸಿ, ಕಾಯಿಸಿ ಬಡಿದರೆ ಅಲಗಿನ ಉದ್ದಕ್ಕೂ ಎಳೆಎಳೆಯಾದ ಗೆರೆಗಳು ಮೂಡುತ್ತವೆ. ಗಂಡು ಕತ್ತರಿಸುತ್ತದೆ, ಹೆಣ್ಣು ಪೆಟ್ಟು ತಾಳುತ್ತದೆ. ಆ ಹೆಣ್ಣು ಕಬ್ಬಿಣವನ್ನು ಕತ್ತಿ ಹಿಡಿಯುವವನ ಮನೆಯವರೇ ಕೊಡಬೇಕೆಂಬುದು ವಾಡಿಕೆ. ಸವೆದ ಲಾಳವಾದರೂ ಸರಿ, ಮುರಿದ ಸೌಟಾದರೂ ಸರಿ. ಗೊಂಪೊನ ಹೆಂಡತಿ ಯುಡ್ರೋನಳಿಗೆ ತವರೆಂದರೆ ತಾರ್ಗ್ಯೆ ಎಂಬ ತಮ್ಮನೊಬ್ಬನೇ. ಅವನು ಉಪ್ಪು ಹೊತ್ತ ಯಾಕ್‌ಗಳ ಕಾವಲಿಗೆ ಹೊರಟುನಿಂತಾಗ ಗೊಂಪೊ ಅವನಿಗೊಂದು ಕತ್ತಿ ಮಾಡಲು ಕೂತ. ಹಿಡಿಗೆ ಸುತ್ತಲು ಬೆಳ್ಳಿ ತಂತಿ, ಒರೆಗೆ ಕೂರಿಸಲು ಹವಳ, ಎಲ್ಲ ಸಿದ್ಧವಿತ್ತು. ಹೆಣ್ಣು ಕಬ್ಬಿಣ ಮಾತ್ರ ಒಂದು ಪದರದಷ್ಟು ಸಾಲದೆ ಹೋಯಿತು. ಯುಡ್ರೋನ್ ಒಳಗೆ ಹೋಗಿ ಜವೆಗೋಧಿ ಹುರಿಯುವ ಬಾಣಲೆಯನ್ನೇ ತಂದಳು.

“ಇದನ್ನ ತಗೊಳ್ಳಿ.”

“ನಿನ್ನ ತಾಯಿ ಕೊಟ್ಟದ್ದು, ಒಳಗಿಡು. ನಾಳೆ ಯಾವುದರಲ್ಲಿ ಹುರೀತೀಯ?” ಎಂದ ಗೊಂಪೊ. ಒಂದು ಪದರ ತಾನೇ ಎಂದುಕೊಂಡು ಅಲ್ಲಿಗೂ ಗಂಡು ಕಬ್ಬಿಣವನ್ನೇ ಸೇರಿಸಿದ. ಹೆಂಡತಿಯ ಮೇಲಿನ ಅಕ್ಕರೆಯಿಂದಲೇ ಹಾಗೆ ಮಾಡಿದ, ಪಾಪ.

ಕಣಿವೆಯ ಆಚೆ, ಹಿಮ ಬೀಳುವ ಎತ್ತರದಲ್ಲಿ ಕಳ್ಳರು ಮೇಲೆ ಬಿದ್ದರು. ಮೊದಲ ಪೆಟ್ಟಿಗೇ ಅಲಗು ಎರಡಾಯಿತು. ಜೊತೆಯವರು ತಾರ್ಗ್ಯೆಯನ್ನು ಅಲ್ಲೇ ಮಣ್ಣುಮಾಡಿ, ಬೆಳ್ಳಿ ಸುತ್ತಿದ ಹಿಡಿಯನ್ನು, ಅದರಲ್ಲುಳಿದ ಅಲಗಿನ ತುಂಡಿನ ಸಮೇತ, ತಂದುಕೊಟ್ಟರು. ಗೊಂಪೊ ಮುರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿದ. ಗಂಡು ಕಬ್ಬಿಣ ಸೇರಿಸಿದ್ದ ಆ ಪದರದಲ್ಲೇ ಮುರಿದಿತ್ತು. ಮೈದುನನನ್ನು ತಾನೇ ಕೊಂದೆನೆಂದು ಅವನ ಎದೆ ಒಡೆಯಿತು. ಆಮೇಲೆ ಅವನು ಸುತ್ತಿಗೆ ಹಿಡಿಯಲಿಲ್ಲ ಎನ್ನುತ್ತಾರೆ. ಯುಡ್ರೋನ್ ಗಂಡನನ್ನು ಬೈಯಲಿಲ್ಲ.

“ಹುರಿಯೋಕೆ ಬಾಣಲೆ ಪಕ್ಕದ ಮನೇಲಿ ಎರವಲು ಸಿಕ್ತಿತ್ತಲ್ಲ,” ಎಂದಷ್ಟೇ ಅಂದು, ತನ್ನ ಬಾಣಲೆಯನ್ನು ಹೊತ್ತು ತಂದು ತಮ್ಮ ಹೋದ ದಾರಿ ಕಾಣುವ ಈ ದಿಣ್ಣೆಯ ಮೇಲಿಟ್ಟಳು.

ಇಂದಿಗೂ ಯಾರಾದರೂ ದೂರ ಹೊರಟರೆ ಮನೆಯ ಹೆಂಗಸರು ಹಳೆಯ ಕಬ್ಬಿಣದ ಸಾಮಾನೊಂದನ್ನು ಅಲ್ಲಿ ತಂದಿಡುತ್ತಾರೆ. ಹೆಣ್ಣು ಕಬ್ಬಿಣ ಸಾಲದ ಕಮ್ಮಾರ ಯಾರನ್ನೂ ಕೇಳದೆ ಎತ್ತಿಕೊಳ್ಳಬಹುದು. ಎಲ್ಲಕ್ಕಿಂತ ಕೆಳಗೆ, ತುಕ್ಕು ತಿಂದ ಬಾಣಲೆಯೊಂದರ ಅಂಚು ಕಾಣುತ್ತದೆ. ಅದನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅದು ಬೇಕಾಗಿದ್ದ ಕತ್ತಿ ಎಂದೋ ಮುರಿದುಹೋಗಿದೆ.